ನೋವಿಲ್ಲದ ಕಾಮಾಲೆ ಮತ್ತು ಲೋಹದ ಸ್ಟೆಂಟ್

ಕಾಮಾಲೆಯೆಂದೊಡನೆ ಮಾಟುಂಗದ ನಮ್ಮ ಮನೆಗಳಲ್ಲಿ ಮೊದಲು ನೆನಪಾಗುವುದು ಊರಿನ ಸೊಪ್ಪಿನ ಔಷಧಿ. ಆದರೆ ಕಾಮಾಲೆಗಳೆಲ್ಲವೂ ಒಂದೇ ಬಗೆಯವಲ್ಲ. ವಯಸ್ಸಾದವರಲ್ಲಿ ನೋವಿಲ್ಲದೆ ಕಣ್ಣು ಹಳದಿಯಾಗಿ, ಮೈ ತುರಿಸಿ, ಮೂತ್ರವು ಕಡುಬಣ್ಣಕ್ಕೂ ಮಲವು ಬಿಳಿಚಿದ ಬಣ್ಣಕ್ಕೂ ತಿರುಗಿದರೆ ಪಿತ್ತನಾಳ ಮುಚ್ಚಿರಬಹುದೆಂದು ಶಂಕಿಸಬೇಕು.

ಯಕೃತ್ತಿನಲ್ಲಿ ಹುಟ್ಟುವ ಪಿತ್ತರಸವು ಈ ನಾಳದ ಮೂಲಕ ಸಣ್ಣ ಕರುಳನ್ನು ಸೇರುತ್ತದೆ. ಮೇದೋಜೀರಕ ಗ್ರಂಥಿಯ, ಪಿತ್ತಕೋಶದ ಅಥವಾ ನಾಳದ್ದೇ ಕ್ಯಾನ್ಸರ್ ಗಡ್ಡೆಯು ದಾರಿಯನ್ನು ಮುಚ್ಚಿದಾಗ ಪಿತ್ತವು ರಕ್ತದಲ್ಲಿ ಬೆರೆಯುತ್ತದೆ. ಬೇಗನೆ ತಿಳಿದರೆ ಕೆಲವರಿಗೆ ಶಸ್ತ್ರಕ್ರಿಯೆ ಸಾಧ್ಯ. ಗಡ್ಡೆಯನ್ನು ತೆಗೆಯಲಾಗದಿದ್ದರೂ ದಾರಿಯನ್ನು ತೆರೆಯಬಹುದು. ಬಾಯಿಯ ಮೂಲಕ ಎಂಡೋಸ್ಕೋಪನ್ನು ಇಳಿಸಿ, ಎಕ್ಸ್-ರೇ ನೆರವಿನಿಂದ ಇಕ್ಕಟ್ಟಾದೆಡೆಯಲ್ಲಿ ಸ್ಟೆಂಟ್ ಎಂಬ ಕೊಳವೆಯನ್ನು ಇರಿಸುತ್ತಾರೆ.

1980ರ ಸುಮಾರಿಗೆ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಡಾ. ಸೊಹೆಂದ್ರ ಅವರು ಪ್ಲಾಸ್ಟಿಕ್ ಕೊಳವೆಯಿಂದ ಈ ವಿಧಾನಕ್ಕೆ ನಾಂದಿ ಹಾಡಿದರು. ಅದರ ಒಳದಾರಿ ಕಿರಿದು. ಮೂರು ನಾಲ್ಕು ತಿಂಗಳಲ್ಲಿ ಕಟ್ಟಿಕೊಳ್ಳುವುದುಂಟು. ಲೋಹದ ಬಲೆಯ ಸ್ಟೆಂಟ್ ಮುದುಡಿಕೊಂಡು ಒಳಹೊಕ್ಕು, ತಾನೇ ಅರಳಿ ಸುಮಾರು 10 ಮಿಲಿಮೀಟರ್ ಅಗಲವಾಗುತ್ತದೆ. ಬೆಲೆ ಹೆಚ್ಚು, ಬಾಳಿಕೆಯೂ ಹೆಚ್ಚು.

ಇದು ಕ್ಯಾನ್ಸರನ್ನು ಗುಣಪಡಿಸದು. ಆದರೆ ತುರಿಕೆ ತಗ್ಗಿ ಹಸಿವು ಮರಳಬಹುದು. ಕಾಮಾಲೆ ಇಳಿದ ಮೇಲೆ ಅನೇಕರಿಗೆ ಕೀಮೋಥೆರಪಿ ಕೊಡಲು ಅನುಕೂಲವಾಗುತ್ತದೆ. ಸ್ಟೆಂಟ್ ಇರಿಸಿದ ಬಳಿಕ ಚಳಿಜ್ವರ ಬಂದರೆ, ಅಥವಾ ಕಣ್ಣು ಮತ್ತೆ ಹಳದಿಯಾದರೆ, ಅಂದೇ ಆಸ್ಪತ್ರೆಗೆ ಹೋಗತಕ್ಕದ್ದು.

1941ರಲ್ಲಿ ಆರಂಭವಾದ ಟಾಟಾ ಸ್ಮಾರಕ ಆಸ್ಪತ್ರೆ ನಮಗೆ ಸಮೀಪದ ಪರೇಲ್‌ನಲ್ಲಿಯೇ ಇದೆ. ಔಷಧಿಗಾಗಿ ಊರಿನ ರೈಲು ಹತ್ತುವ ಮುನ್ನ ಒಂದು ಸೋನೋಗ್ರಫಿ ಮಾಡಿಸಿಕೊಳ್ಳಿರಿ.