ಹಾಲಿನ ಆಡಿಗೆ ರಕ್ತದ ಪುಡಿ ಏಕೆ ಸಲ್ಲದು?

ಗೋಕಾಕ ಮತ್ತು ಮೂಡಲಗಿ ತಾಲ್ಲೂಕುಗಳ ಗ್ರಾಮಗಳನ್ನು ಒಳಗೊಂಡ ಅರಭಾವಿ ಭಾಗವು ಘಟಪ್ರಭೆಯ ನೀರಿನಿಂದ ಕಬ್ಬಿನ ಸೀಮೆಯಾಗಿದೆ. ಕಬ್ಬು ಹಬ್ಬಿದಷ್ಟೂ ಆಡು ಮೇಯುವ ಬಯಲು ಕುಗ್ಗುತ್ತದೆ. ಹಿಂಡಿಯ ಖರ್ಚು ಏರುತ್ತದೆ. ಆಗ ಕಸಾಯಿಖಾನೆಯ ಉಪೋತ್ಪನ್ನಗಳತ್ತ ಗಮನ ಹರಿಯುವುದು ಸಹಜ. ಒಣಗಿಸಿದ ರಕ್ತದ ಪುಡಿಯಲ್ಲಿ ಸುಮಾರು ಶೇ 80ರಷ್ಟು ಪ್ರೋಟೀನ್ ಇದೆ. ಶೇಂಗಾ ಹಿಂಡಿಯಲ್ಲಿರುವುದು ಹೆಚ್ಚು ಕಡಿಮೆ ಅದರ ಅರ್ಧ.

ಆದರೆ ಬ್ರಿಟನ್ನಿನ ಅನುಭವ ಬೇರೆಯೇ ಪಾಠ ಹೇಳುತ್ತದೆ. ಅಲ್ಲಿ 1986ರಲ್ಲಿ ಗುರುತಿಸಲಾದ ‘ಹುಚ್ಚು ಹಸು ರೋಗ’ವು ಮಾಂಸ ಹಾಗೂ ಮೂಳೆಯ ಪುಡಿ ಬೆರೆತ ಆಹಾರದಿಂದ ಹರಡಿತ್ತು. ಇದಕ್ಕೆ ಕಾರಣವಾದ ಪ್ರಿಯಾನ್ ಎಂಬ ವಿಕೃತ ಪ್ರೋಟೀನ್ ಕುದಿಸಿದರೂ ನಾಶವಾಗದು. 1988ರಲ್ಲಿ ಬ್ರಿಟನ್, ಮೆಲುಕು ಹಾಕುವ ಪ್ರಾಣಿಗಳಿಗೆ ಇಂತಹ ಆಹಾರವನ್ನು ನಿಷೇಧಿಸಿತು. 2005ರಲ್ಲಿ ಫ್ರಾನ್ಸಿನ ಆಡೊಂದರಲ್ಲಿಯೂ ಈ ರೋಗ ದೃಢಪಟ್ಟಿತು.

ಭಾರತದಲ್ಲಿ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ ನಿಯಮದಂತೆ, ಕೋಳಿ, ಹಂದಿ ಮತ್ತು ಮೀನು ಹೊರತುಪಡಿಸಿ ಹಾಲು, ಮಾಂಸ ನೀಡುವ ಪ್ರಾಣಿಗಳಿಗೆ ದನ ಅಥವಾ ಹಂದಿ ಮೂಲದ ಮಾಂಸ, ಮೂಳೆ, ರಕ್ತದ ಪುಡಿಯನ್ನು ತಿನ್ನಿಸುವಂತಿಲ್ಲ. ಕುರಿ, ಆಡಿನ ತ್ಯಾಜ್ಯವನ್ನೂ ದೂರವಿಡುವುದೇ ಕ್ಷೇಮ. ಅವುಗಳಿಗೂ ಇದೇ ಬಗೆಯ ‘ಸ್ಕ್ರೇಪಿ’ ರೋಗ ತಗಲುತ್ತದೆ.

ಹಾಗೆಂದು ಈ ತ್ಯಾಜ್ಯ ನಿರುಪಯುಕ್ತವಲ್ಲ. ಸಂಸ್ಕರಿಸಿದ ರಕ್ತದ ಪುಡಿಯಿಂದ ಮಣ್ಣಿಗೆ ಸಾರಜನಕ, ಮೂಳೆಪುಡಿಯಿಂದ ರಂಜಕ ದೊರೆಯುತ್ತದೆ. ತೋಟಗಾರಿಕೆ ಮಹಾವಿದ್ಯಾಲಯವಿರುವ ಅರಭಾವಿಯ ಸುತ್ತಲಿನ ತೋಟಗಳಿಗೆ ಇದು ಒಳ್ಳೆಯ ಗೊಬ್ಬರವಾಗಬಲ್ಲದು. ಆದರೆ ಗೊಬ್ಬರ ಹಾಕಿದ ಜಾಗದಲ್ಲಿ ಆಡು ಮೇಯಿಸಬಾರದು.

ಆಡಿನ ಪ್ರೋಟೀನಿಗೆ ಶೇಂಗಾ ಹಿಂಡಿ, ತೊಗರಿ ಹೊಟ್ಟು, ಮಿತವಾಗಿ ಸುಬಾಬುಲ್ ಸೊಪ್ಪು ಸಾಕು. ಬೂಷ್ಟು ಹಿಡಿದ ಹಿಂಡಿ ಮಾತ್ರ ಬೇಡ. ಅದರ ವಿಷ ಹಾಲಿಗೂ ಇಳಿಯುತ್ತದೆ.