ಮೊಬೈಲ್ ವಿಡಿಯೊದಿಂದ ಹಣ: ಲೆಕ್ಕ ತಿಳಿದು ಕೈ ಹಾಕಿ



ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಇಂದು ಎಮ್ಮೆ ಹಿಂಡುವುದನ್ನೂ ಮೊಬೈಲಿನಲ್ಲಿ ಚಿತ್ರಿಸಿ ಯೂಟ್ಯೂಬಿಗೆ ಹಾಕುವ ಯುವಕರಿದ್ದಾರೆ. ಇದು ತಪ್ಪಲ್ಲ. ಆದರೆ "ಚಾನೆಲ್ ಮಾಡಿದರೆ ತಿಂಗಳಿಗೆ ಲಕ್ಷ ಬರುತ್ತದೆ" ಎಂಬ ಮಾತು ನಂಬಿ, ಹಿಂಡುವ ಎಮ್ಮೆ ಮಾರಿ ಕ್ಯಾಮೆರಾ ಕೊಳ್ಳುವ ಮುನ್ನ ಅಲ್ಲಿನ ಲೆಕ್ಕ ತಿಳಿದಿರಬೇಕು.

ಹಣ ಬರುವುದು ಹೇಗೆ?

ನಮ್ಮ ಸಂಘದಲ್ಲಿ ಒಂದೇ ಲೀಟರ್ ಹಾಲು ಹಾಕಿದರೂ ಫ್ಯಾಟ್, ಎಸ್.ಎನ್.ಎಫ್. ನೋಡಿ ದರ ಕಟ್ಟುತ್ತಾರೆ. ಯೂಟ್ಯೂಬಿನಲ್ಲಿ ಹಾಗಲ್ಲ. ಜಾಹೀರಾತಿನ ಹಣದಲ್ಲಿ ಪಾಲು ಸಿಗಬೇಕಾದರೆ ಚಾನೆಲ್‌ಗೆ 1,000 ಚಂದಾದಾರರಿರಬೇಕು. ಜೊತೆಗೆ ಹಿಂದಿನ 12 ತಿಂಗಳಲ್ಲಿ ಜನರು ಒಟ್ಟು 4,000 ಗಂಟೆ ವಿಡಿಯೊ ನೋಡಿರಬೇಕು. ಇಲ್ಲವೆ 'ಶಾರ್ಟ್ಸ್' ಎಂಬ ತುಣುಕು ವಿಡಿಯೊಗಳಿಗೆ 90 ದಿನಗಳಲ್ಲಿ 1 ಕೋಟಿ ವೀಕ್ಷಣೆ ಬಂದಿರಬೇಕು. ಐದು ನಿಮಿಷದ ವಿಡಿಯೊವನ್ನು 48,000 ಸಲ ಪೂರ್ತಿ ನೋಡಿದರೆ 4,000 ಗಂಟೆಯಾಗುತ್ತದೆ.

ಆ ಮೇಲೆ ಉದ್ದನೆಯ ವಿಡಿಯೊದ ಜಾಹೀರಾತಿನಿಂದ ಬಂದ ಪ್ರತಿ 100 ರೂಪಾಯಿಯಲ್ಲಿ 55 ರೂಪಾಯಿ ವಿಡಿಯೊ ಮಾಡಿದವರಿಗೆ, 45 ರೂಪಾಯಿ ಕಂಪನಿಗೆ. ಶಾರ್ಟ್ಸ್‌ನಲ್ಲಿ ಅವರವರ ಪಾಲಿಗೆ ಲೆಕ್ಕ ಹಾಕಿದ ಮೊತ್ತದ ಶೇ. 45 ಮಾತ್ರ ಕೈಗೆ ಬರುತ್ತದೆ. ಒಂದು ವೀಕ್ಷಣೆಗೆ ಇಂತಿಷ್ಟೆಂಬ ನಿಗದಿತ ದರವಿಲ್ಲ. ಖಾತೆಯಲ್ಲಿ 100 ಡಾಲರ್ ಸೇರುವವರೆಗೆ ಬಟವಾಡೆಯೂ ಇಲ್ಲ. ಅಮೆರಿಕದ ತೆರಿಗೆ ನಮೂನೆ ತುಂಬದಿದ್ದರೆ ಒಟ್ಟು ಗಳಿಕೆಯಲ್ಲಿ ಶೇ. 24ರವರೆಗೆ ಕಡಿತವಾಗಬಹುದು.

ಹಣ ನಿಲ್ಲುವುದು ಯಾವಾಗ?

1. ಚಿತ್ರಗೀತೆ ಬಳಸಿದಾಗ: ಕರು ಆಡುವ ವಿಡಿಯೊಗೆ ಸಿನಿಮಾ ಹಾಡು ಹಾಕಿದರೆ ಕಂಪ್ಯೂಟರೇ ಗುರುತು ಹಿಡಿದು ಜಾಹೀರಾತಿನ ಹಣವನ್ನು ಹಾಡಿನ ಹಕ್ಕುದಾರರಿಗೆ ಕೊಡಬಹುದು. ಹಕ್ಕುದಾರರು ವಿಡಿಯೊ ತೆಗೆಸಿದರೆ ಅದು 'ಸ್ಟ್ರೈಕ್'. 90 ದಿನಗಳಲ್ಲಿ ಮೂರು ಸ್ಟ್ರೈಕ್ ಆದರೆ ಚಾನೆಲ್ಲೇ ರದ್ದಾಗಬಹುದು.

2. ನಿಯಮ ಮೀರಿದಾಗ: ಸಾಮಾನ್ಯವಾಗಿ ಮೊದಲು ಎಚ್ಚರಿಕೆ. ನಂತರದ ಮೊದಲ ಸ್ಟ್ರೈಕ್‌ಗೆ ಒಂದು ವಾರ, ಎರಡನೆಯದಕ್ಕೆ ಎರಡು ವಾರ ವಿಡಿಯೊ ಹಾಕುವಂತಿಲ್ಲ. 90 ದಿನಗಳಲ್ಲಿ ಮೂರನೆಯದಾದರೆ ಚಾನೆಲ್ ಹೋಯಿತು. ಟಗರಿನ ಕಾಳಗ ಏರ್ಪಡಿಸಿ ಚಿತ್ರಿಸುವವರು ಗಮನಿಸಿ: ಪ್ರಾಣಿಗಳನ್ನು ಕಾದಾಡಿಸುವ ದೃಶ್ಯ ಅಲ್ಲಿ ನಿಷಿದ್ಧ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರವೂ ಅದು ಅಪರಾಧ.

3. ಚಂದಾದಾರರನ್ನು ಕೊಂಡಾಗ: "ಹಣ ಕೊಡಿ, ಸಾವಿರ ಮಂದಿಯನ್ನು ಸೇರಿಸಿಕೊಡುತ್ತೇವೆ" ಎನ್ನುವವರನ್ನು ದೂರವಿಡಿ. ಅದು ಹಾಲಿಗೆ ನೀರು ಬೆರೆಸಿದ ಹಾಗೆ. ಇಂದಲ್ಲ ನಾಳೆ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ.

ಔಷಧಿ, ಪುಡಿ ಹೊಗಳುವ ಮುನ್ನ

ಹಣ ಪಡೆದು ಪಶು ಆಹಾರವನ್ನೋ ಹಾಲು ಹೆಚ್ಚಿಸುವ ಪುಡಿಯನ್ನೋ ಹೊಗಳಿದರೆ, ಅದು ಜಾಹೀರಾತು ಎಂದು ವಿಡಿಯೊದಲ್ಲಿಯೇ ಸ್ಪಷ್ಟವಾಗಿ ತಿಳಿಸಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಾರಿ ತಪ್ಪಿಸುವ ಪ್ರಚಾರ ಮಾಡಿದವರಿಗೆ 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶವಿದೆ. ನೋಡುವವರೂ ವಿಡಿಯೊ ನಂಬಿ ದನಕ್ಕೆ ಔಷಧಿ ಕುಡಿಸಬಾರದು. ಪಶುವೈದ್ಯರನ್ನು ಕೇಳಿ, ಇಲ್ಲವೆ ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ.

ಅನ್ಯಾಯವಾದರೆ?

ತಪ್ಪಿಲ್ಲದೆ ಸ್ಟ್ರೈಕ್ ಬಂದರೆ ಮೊದಲು ಯೂಟ್ಯೂಬಿಗೇ ಮೇಲ್ಮನವಿ ಹಾಕಿ. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳಂತೆ ಕಂಪನಿಗೆ ಕುಂದುಕೊರತೆ ಅಧಿಕಾರಿ ಇರಲೇಬೇಕು. ಅವರ ತೀರ್ಮಾನ ಒಪ್ಪಿಗೆಯಾಗದಿದ್ದರೆ, ಕೇಂದ್ರ ಸರಕಾರ 2023ರಲ್ಲಿ ರಚಿಸಿದ ಮೇಲ್ಮನವಿ ಸಮಿತಿಗೆ 30 ದಿನಗಳೊಳಗೆ ಅರ್ಜಿ ಹಾಕಬಹುದು.

ಕೊನೆಯದಾಗಿ ಒಂದು ಮಾತು. ನಮ್ಮ ಸಂಘಕ್ಕೆ ನಾವೇ ಒಡೆಯರು. ಮಹಾಸಭೆಯಲ್ಲಿ ಎದ್ದು ಲೆಕ್ಕ ಕೇಳಬಹುದು, ಆಡಳಿತ ಮಂಡಳಿಯನ್ನು ಮತ ಹಾಕಿ ಆರಿಸಬಹುದು. ಅಲ್ಲಿ ನಿಯಮ ಮಾಡುವುದೂ ಬದಲಿಸುವುದೂ ಕಂಪನಿ, ನಮಗೆ ಮತವಿಲ್ಲ. 2020ರ ಜೂನ್‌ನಲ್ಲಿ ಕೇಂದ್ರ ಸರಕಾರ ಟಿಕ್‌ಟಾಕ್ ನಿಷೇಧಿಸಿದಾಗ ಅದನ್ನೇ ನೆಚ್ಚಿದ್ದವರ ಆದಾಯ ಒಮ್ಮೆಗೇ ನಿಂತುಹೋಯಿತು. ಆದ್ದರಿಂದ ವಿಡಿಯೊ ಉಪಕಸುಬಾಗಿರಲಿ. ಮಸ್ಕಿಯ ಅಶೋಕನ ಶಾಸನ, ಮುದಗಲ್ ಕೋಟೆ, ನಿಮ್ಮ ಮೇವಿನ ಹೊಲ, ಕೊಟ್ಟಿಗೆಯ ಸ್ವಚ್ಛತೆ ಇವನ್ನು ನಿಮ್ಮದೇ ದನಿಯಲ್ಲಿ ತೋರಿಸಿ. ಎಮ್ಮೆ ಮಾತ್ರ ಕೊಟ್ಟಿಗೆಯಲ್ಲೇ ಇರಲಿ.