ಮಂಗಳೂರಿನ ಹಳೆಯ ಇಗರ್ಜಿಗಳು: ಇಸವಿ ಒಂದು, ಗೋಡೆ ಇನ್ನೊಂದು

ರಜೆಯಲ್ಲಿ ಊರಿಗೆ ಬರುವ ನಮ್ಮವರೂ ಪರವೂರಿನ ಯಾತ್ರಿಕರೂ ನಮ್ಮಲ್ಲಿ ಕೇಳುವುದುಂಟು: ಮಂಗಳೂರಿನ ಅತಿ ಹಳೆಯ ಇಗರ್ಜಿ ಯಾವುದು? ರೊಜಾರಿಯೊ ಎನ್ನುತ್ತೇವೆ. ಪೋರ್ಚುಗೀಸರ ಕಾಲದಲ್ಲಿ, 1568ರಲ್ಲಿ ಸ್ಥಾಪನೆಯಾದದ್ದು. ಆದರೆ ಇಂದಿನ ಕೆಥೆಡ್ರಲಿನ ದೊಡ್ಡ ಗುಮ್ಮಟ ನೋಡಿ, ಇದೇ ಆ ಕಟ್ಟಡವೆಂದು ತಿಳಿಯಬಾರದು. ಅದು ಇಪ್ಪತ್ತನೆಯ ಶತಮಾನದ ಆರಂಭದ್ದು.

ನಡುವೆ ಆದದ್ದನ್ನು ಅರಿಯದೆ ನಮ್ಮ ಇಗರ್ಜಿಗಳನ್ನು ನೋಡಿದರೆ ಅರ್ಧ ಮಾತ್ರ ನೋಡಿದಂತೆ. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ಯಲಾಯಿತು, ಇಗರ್ಜಿಗಳನ್ನು ಕೆಡವಲಾಯಿತು. ಬದುಕುಳಿದವರು ಬಿಡುಗಡೆಯಾದದ್ದು 1799ರಲ್ಲಿ. ಅವರು ಮರಳಿದ ಮೇಲೆ, 1813ರಲ್ಲಿ, ರೊಜಾರಿಯೊ ಮತ್ತೆ ಎದ್ದಿತು. ಹಂಪನಕಟ್ಟೆಯ ಮಿಲಾಗ್ರಿಸ್ ಕಥೆಯೂ ಇದೇ. ಬಿಷಪ್ ಥೋಮಸ್ ದೆ ಕಾಸ್ತ್ರೊ ಅದನ್ನು 1680ರಲ್ಲಿ ಸ್ಥಾಪಿಸಿದರು; ಈಗಿನ ಕಟ್ಟಡ 1911ರದ್ದು.

ಮೂಲ ಗೋಡೆಗಳನ್ನೇ ನೋಡಬೇಕೆನ್ನುವವರು ಬಾವುಟಗುಡ್ಡೆ ಹತ್ತಲಿ. ಇಟಲಿಯ ಜೆಸ್ವಿಟರು 1880ರಲ್ಲಿ ಆರಂಭಿಸಿದ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್ ಅದೇ ದಶಕದ್ದು. ಒಳಗಿನ ಚಿತ್ರಗಳು ಬ್ರದರ್ ಅಂತೋನಿಯೊ ಮೊಸ್ಕೆನಿ ಅವರವು. (ಅನೇಕರು ಅವರನ್ನು ಫಾದರ್ ಎನ್ನುತ್ತಾರೆ; ಅವರು ಗುರುಗಳಲ್ಲ, ಜೆಸ್ವಿಟ್ ಸಭೆಯ ಸಹೋದರರು.) 1899ರಲ್ಲಿ ಕುಂಚ ಹಿಡಿದವರು 1901ರ ವೇಳೆಗೆ ಗೋಡೆ, ಛಾವಣಿ ಎರಡನ್ನೂ ತುಂಬಿಸಿದರು. ಛಾವಣಿಯಲ್ಲಿ ಸಂತ ಅಲೋಶಿಯಸರ ಜೀವನವಿದೆ. ಅದು ಕ್ಯಾನ್ವಾಸಿನ ಮೇಲಿನ ತೈಲಚಿತ್ರ. ಗೋಡೆಯ ಚಿತ್ರಗಳ ಬಗೆ ಬೇರೆ. ಸುಣ್ಣದ ಗಾರೆ ಇನ್ನೂ ಹಸಿಯಿರುವಾಗಲೇ ನೀರಿನಲ್ಲಿ ಕಲಸಿದ ಬಣ್ಣ ಹಚ್ಚಬೇಕು. ಗಾರೆ ಒಣಗುತ್ತಾ ಬಣ್ಣ ಗೋಡೆಯೊಂದಿಗೆ ಒಂದಾಗುತ್ತದೆ. ಒಣಗಿದ ಮೇಲೆ ತಿದ್ದುವುದು ಕಷ್ಟ, ಆದ್ದರಿಂದ ಅಂದಿನ ಭಾಗ ಅಂದೇ ಮುಗಿಯಬೇಕು.

ಹೀಗೆ ಗೋಡೆಗಂಟಿದ ಬಣ್ಣಕ್ಕೆ ನಮ್ಮ ಮಳೆಗಾಲವೇ ದೊಡ್ಡ ಶತ್ರು. ಗೋಡೆ ನೀರು ಹೀರಿದರೆ ಒಳಗಿನ ಲವಣ ಹೊರಗೆ ಬಂದು ಬಣ್ಣವನ್ನು ಎಬ್ಬಿಸುತ್ತದೆ. 1990ರ ದಶಕದಲ್ಲಿ ಇಂಟಾಕ್ ಸಂಸ್ಥೆಯ ತಜ್ಞರು ಇವುಗಳ ಸಂರಕ್ಷಣೆ ಕೈಗೊಂಡರು. ಬೆರಳಿಟ್ಟು ತೋರಿಸುವ ಅಭ್ಯಾಸವಿರುವವರು ದಯವಿಟ್ಟು ಎರಡು ಹೆಜ್ಜೆ ಹಿಂದೆ ನಿಲ್ಲಿ. ಬಲಿಪೂಜೆಯ ಹೊತ್ತಿನಲ್ಲಿ ಕ್ಯಾಮೆರಾ ಚೀಲದಲ್ಲೇ ಇರಲಿ.

ಸಮಯವಿದ್ದರೆ ಬಲ್ಮಠದಲ್ಲಿ ಬಾಸೆಲ್ ಮಿಷನಿನವರ ಶಾಂತಿ ದೇವಾಲಯ, ಬಂದರಿನಲ್ಲಿ ಕೆತ್ತನೆಯ ಮರದ ಕಂಬಗಳಿರುವ ಝೀನತ್ ಬಕ್ಷ್ ಮಸೀದಿ ಹತ್ತಿರದಲ್ಲೇ ಇವೆ. ಕದ್ರಿ ಮಂಜುನಾಥ ದೇವಸ್ಥಾನದ ಲೋಕೇಶ್ವರ ಕಂಚಿನ ಮೂರ್ತಿಯನ್ನಂತೂ ಬಿಡಬೇಡಿ. ಅದರ ಪೀಠದ ಶಾಸನದ ಕಾಲ ಕ್ರಿ.ಶ. 968.